ಉಡುಪಿನೊಳಗಿನ ಉಡುಪು

ಯೊಕೊಹಾಮಾದ ದೊಡ್ಡ ನಿಲ್ದಾಣದಲ್ಲಿ ಸೋತೆತ್ಸು ಲೈನಿನ ಲೋಕಲ್ ರೈಲು ಹತ್ತಿ ಕೆಲವೇ ನಿಲ್ದಾಣ ದಾಟಿದರೆ ಕಾಮಿಹೋಶಿಕಾವಾ. ಪ್ರವಾಸಿಗರು ಇಳಿಯುವ ಊರಲ್ಲ ಇದು. ಶಾಲೆ ಬಿಟ್ಟ ಹುಡುಗಿಯರು, ಆಫೀಸಿನಿಂದ ಮರಳುವ ಗಂಡಸರು, ಸಂಜೆಯ ಅಡುಗೆಗೆ ಸೊಪ್ಪು ಮೀನು ಹಿಡಿದ ಹೆಂಗಸರು ಇಳಿದು ತಮ್ಮ ತಮ್ಮ ಓಣಿ ಸೇರುತ್ತಾರೆ. ಆಚೆಗೆ ಗುಡ್ಡ ಏಳುತ್ತದೆ. ಗುಡ್ಡದ ಮೈಗೆ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತಿವೆ; ಅವುಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂಥ ಇಕ್ಕಟ್ಟು ದಾರಿ, ದಾರಿ ಸಾಲದಾದಲ್ಲಿ ಮೆಟ್ಟಿಲು. 1980ರ ದಶಕದ ಯಾವುದೋ ಒಂದು ಸಂಜೆ ಎಂದು ಇಟ್ಟುಕೊಳ್ಳಿ. ಆ ಮೆಟ್ಟಿಲುಗಳ ಮೇಲೆ ಊರಿನವರಲ್ಲದ ಕೆಲವರು ಏದುಸಿರು ಬಿಡುತ್ತ ಹತ್ತುತ್ತಿದ್ದಾರೆ. ಒಬ್ಬಳು ಜರ್ಮನಿಯವಳು, ಇನ್ನೊಬ್ಬ ಬ್ರೆಜಿಲಿನವನು, ಉಳಿದವರು ಟೋಕಿಯೊದಿಂದ ಬಂದ ಜಪಾನಿ ಹುಡುಗ ಹುಡುಗಿಯರು. ಹೆಗಲಿನ ಚೀಲದಲ್ಲಿ ಅಭ್ಯಾಸದ ಬಟ್ಟೆ. ಸದ್ದು ಮಾಡದೆ ಅವರ ಹಿಂದೆಯೇ ನಾವೂ ಹತ್ತೋಣ.

ಮೇಲೆ ಸಿಗುವುದು ಸಣ್ಣದೊಂದು ಅಭ್ಯಾಸಶಾಲೆ, ಪಕ್ಕದಲ್ಲೇ ಮನೆ. 1961ರಲ್ಲಿ ಕಟ್ಟಿದ್ದು. ಒಳಗೆ ಹಲಗೆಯ ನೆಲ, ಎಷ್ಟೋ ಪಾದಗಳು ಉಜ್ಜಿ ಉಜ್ಜಿ ಮಿರುಗು ಬಂದಿರುವ ನೆಲ. ಗೋಡೆಯ ಮೇಲೆ ಹಳೆಯ ಪ್ರದರ್ಶನಗಳ ಪೋಸ್ಟರುಗಳು. ಮೂಲೆಯಲ್ಲಿ ಟೇಪ್ ರೆಕಾರ್ಡರು. ಎಂಬತ್ತರ ಆಸುಪಾಸಿನ, ತೆಳ್ಳಗಿನ, ಬೆರಳುಗಳು ಮಾತ್ರ ವಿಪರೀತ ಉದ್ದ ಅನ್ನಿಸುವ ಮುದುಕರೊಬ್ಬರು ಬಂದು ಎಲ್ಲರಿಗೂ ಬಗ್ಗಿ ನಮಸ್ಕರಿಸುತ್ತಾರೆ. ತಾಳ ಹಾಕುವುದಿಲ್ಲ, ಹೆಜ್ಜೆ ತೋರಿಸುವುದಿಲ್ಲ, ಮಾತಾಡತೊಡಗುತ್ತಾರೆ. ತಾಯಿಯ ಗರ್ಭದ ಬಗ್ಗೆ, ಸತ್ತವರ ಬಗ್ಗೆ, ಒಂದು ಹೂವನ್ನು ನೋಡುವುದು ಹೇಗೆ ಎಂಬುದರ ಬಗ್ಗೆ. ಕೈಯಲ್ಲಿ ಅವರೇ ಗೀಚಿಕೊಂಡ ಕಾಗದಗಳು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತದೆ, ಮತ್ತೆಲ್ಲೋ ಹೊರಟು ಮತ್ತೆ ತಾಯಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಭಾಷೆ ತಿಳಿಯದ ವಿದೇಶಿ ಶಿಷ್ಯರೂ ಮೊಣಕಾಲು ಅಪ್ಪಿ ಕೂತು ಆ ಕೈಗಳನ್ನೇ ನೋಡುತ್ತಿರುತ್ತಾರೆ, ಏಕೆಂದರೆ ಮಾತಿನ ನಡುವೆ ಆ ಕೈ ಆಗಲೇ ಕುಣಿಯಲು ಶುರುಮಾಡಿರುತ್ತದೆ.

ಮಾತು ಮುಗಿಯಿತು ಅನ್ನುವಾಗ ಕ್ಯಾಸೆಟ್ಟಿನ ಗುಂಡಿ ಒತ್ತುತ್ತಾರೆ. ಬಾಕ್ ಇರಬಹುದು, ಶೋಪಾನ್ ಇರಬಹುದು, ಪ್ರೀತಿಯ ಹಾಡು ಹೇಳುವ ಎಲ್ವಿಸ್ ಪ್ರೀಸ್ಲಿಯೂ ಇರಬಹುದು. ಶಿಷ್ಯರು ಎದ್ದು ತಮಗೆ ತೋಚಿದ ಹಾಗೆ ಚಲಿಸುತ್ತಾರೆ. ಮಂಡಿ ಮಡಚಿ ನೆಲಕ್ಕೆ ಹತ್ತಿರವಾಗುವವರು, ನಿಂತಲ್ಲೇ ನಿಂತವರು, ಬೆರಳ ತುದಿಯಲ್ಲಿ ಏನನ್ನೋ ಹುಡುಕುವವರು. ಸರಿ ತಪ್ಪು ಎಂದು ಯಾರೂ ತಿದ್ದುವುದಿಲ್ಲ. ಹಲಗೆಯ ಮೇಲೆ ಬರಿಗಾಲು ಉಜ್ಜುವ ಸದ್ದು, ಉಸಿರು, ಕೆಳಗೆ ಕಣಿವೆಯಲ್ಲಿ ರೈಲು ಹಾದುಹೋಗುವ ಗಡಗಡ. ಕೊನೆಗೆ ಚಹಾ, ಬಿಸ್ಕತ್ತು, ಏನಾದರೂ ಕುರುಕಲು. ಬೆವರು ಆರದ ಮೈಯಲ್ಲೇ ಎಲ್ಲರೂ ಸುತ್ತ ಕೂತು ಹರಟುತ್ತಾರೆ. ಮುದುಕರೂ ಕೂತಿರುತ್ತಾರೆ. ಈ ಚಹಾದ ಹೊತ್ತೂ ತರಗತಿಯ ಭಾಗವೇ ಆಗಿತ್ತು ಎಂದು ಅಲ್ಲಿಗೆ ಹೋಗಿ ಬಂದವರು ನೆನೆಯುತ್ತಾರೆ.

ಅವರು ಕಜುವೊ ಓನೊ. ಜಪಾನಿನಲ್ಲಿ ಯುದ್ಧಾನಂತರ ಹುಟ್ಟಿದ ಬುತೋ ಎಂಬ ನೃತ್ಯಕ್ಕೆ ಹೆತ್ತವರು ಇಬ್ಬರು ಎಂದರೆ ಅವರಲ್ಲಿ ಒಬ್ಬರು. ಇನ್ನೊಬ್ಬರು ತತ್ಸುಮಿ ಹಿಜಿಕಾತ. ಬುತೋ ಎಂದೊಡನೆ ಸಾಮಾನ್ಯವಾಗಿ ಕಣ್ಣಿಗೆ ಬರುವುದು ಬೋಳಿಸಿದ ತಲೆ, ಸುಣ್ಣ ಬಳಿದಂಥ ಮೈ, ಸೊಂಟಕ್ಕೊಂದು ತುಂಡು ಬಟ್ಟೆ. ಓನೊ ಅವರ ವೇದಿಕೆಯೇ ಬೇರೆ. ಅಲ್ಲಿ ಲೇಸು ಇದೆ, ಅಂಚು ಹಳದಿಗಟ್ಟಿದ ಹಳೆಗಾಲದ ಗೌನು ಇದೆ, ಹೂ ಸಿಕ್ಕಿಸಿದ ಹ್ಯಾಟು ಇದೆ, ಎತ್ತರ ಹಿಮ್ಮಡಿಯ ಹೆಂಗಸರ ಬೂಟು ಇದೆ, ಕಿಮೊನೊ ಇದೆ, ಕಾಗದದ ಹೂ ಇದೆ, ಗಂಡಸರ ಕರಿ ಸೂಟೂ ಇದೆ. ಭವ್ಯ ರಂಗಮಂದಿರದ ಉಡುಪಿನ ಕೋಣೆಯಿಂದ ಇಳಿದುಬಂದ ಬಟ್ಟೆಗಳಲ್ಲ ಇವು. ಟ್ರಂಕಿನ ತಳದಲ್ಲಿ ಬಹುಕಾಲ ಮಡಚಿ ಇಟ್ಟಿದ್ದನ್ನು ಈಗಷ್ಟೇ ಕೊಡವಿ ತೆಗೆದಂತಿವೆ. ಫೋಟೊಗಳನ್ನು ಹತ್ತಿರದಿಂದ ನೋಡಿ. ಸುಕ್ಕು ಕಾಣುತ್ತದೆ, ಅದು ಬಟ್ಟೆಯದೋ ಚರ್ಮದ್ದೋ ಎಂದು ಕಣ್ಣು ಒಂದು ಕ್ಷಣ ಗೊಂದಲಕ್ಕೆ ಬೀಳುತ್ತದೆ. ಆ ಗೊಂದಲದಲ್ಲೇ ಓನೊ ಅವರ ಕಲೆಯ ಬಹುಪಾಲು ಅಡಗಿದೆ ಎಂದು ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ಉಟ್ಟು ಕುಣಿದವರ ಹಗಲಿನ ಉಡುಪು ಯಾವುದು? ಕೆಲಸದ ಅಂಗಿ. ಓನೊ ಹುಟ್ಟಿದ್ದು 1906ರ ಅಕ್ಟೋಬರ್ 27ರಂದು, ಉತ್ತರದ ಹೊಕ್ಕೈದೊ ದ್ವೀಪದ ಹಾಕೊದಾತೆಯಲ್ಲಿ, ಮೀನುಗಾರಿಕೆಯ ಊರಿನಲ್ಲಿ. ಕಲಿತದ್ದು ವ್ಯಾಯಾಮ ಶಿಕ್ಷಣ. ಯೊಕೊಹಾಮಾದ ಕ್ರೈಸ್ತ ಶಾಲೆಗಳಲ್ಲಿ ಡ್ರಿಲ್ ಮಾಸ್ತರರಾದರು, ತಾವೂ ಕ್ರೈಸ್ತರಾದರು. ಸೋಶಿನ್ ಹೆಣ್ಣುಮಕ್ಕಳ ಶಾಲೆಯಲ್ಲಂತೂ ಜೀವನದ ದೊಡ್ಡ ಭಾಗ ಕಳೆಯಿತು. ಪಾಠದ ಕೆಲಸ ಬಿಟ್ಟ ಮೇಲೂ ಶಾಲೆ ಬಿಡಲಿಲ್ಲ. ಬಾಯ್ಲರು ನೋಡಿಕೊಳ್ಳುವುದು, ಅದು ಇದು ರಿಪೇರಿ ಮಾಡುವುದು ಅವರ ಪಾಲಿಗೆ ಬಂತು. ಡಿಸೆಂಬರ್ ಬಂದರೆ ಕೆಂಪು ನಿಲುವಂಗಿ, ಬಿಳಿ ಗಡ್ಡ ತೊಟ್ಟು ಶಾಲೆಯ ಮಕ್ಕಳಿಗೆ ಸಾಂಟಾಕ್ಲಾಸ್ ಆಗುತ್ತಿದ್ದರು, ಅದೂ ವರ್ಷ ವರ್ಷ ಬಿಡದೆ. ಈ ಸಾಂಟಾಕ್ಲಾಸ್ ವೇಷವನ್ನು ವಿಮರ್ಶಕರು ತಮಾಷೆಯ ಅಡಿಟಿಪ್ಪಣಿ ಮಾಡಿ ದಾಟಿಬಿಡುತ್ತಾರೆ. ನಾನು ಅದನ್ನು ಅವರ ಮುಖ್ಯ ವೇಷಗಳ ಸಾಲಿನಲ್ಲೇ ಇಡುತ್ತೇನೆ. ಮಕ್ಕಳ ಎದುರು ಗಡ್ಡ ಕಟ್ಟಿಕೊಂಡು ನಿಂತು, ಒಳಗಿರುವವರು ಯಾರೆಂದು ಅವರಿಗೆಲ್ಲ ಗೊತ್ತಿದ್ದೂ ನಂಬಿಸಬೇಕಲ್ಲ, ಅದು ಸುಲಭದ ವಿದ್ಯೆಯಲ್ಲ.

ಅವರೊಳಗೆ ಹೆಂಗಸಿನ ಗೌನೊಂದು ಬಂದು ಸೇರಿದ್ದು ಬಹಳ ಹಿಂದೆ. 1929ರ ಜನವರಿ. ಟೋಕಿಯೊದ ಇಂಪೀರಿಯಲ್ ಥಿಯೇಟರಿನಲ್ಲಿ ಅಂತೋನಿಯಾ ಮೆರ್ಸೆ ಎಂಬ ಸ್ಪ್ಯಾನಿಷ್ ನರ್ತಕಿಯ ಪ್ರದರ್ಶನ. ಜಗತ್ತು ಅವಳನ್ನು ಕರೆಯುತ್ತಿದ್ದುದು ‘ಲಾ ಅರ್ಜೆಂಟೀನಾ’ ಎಂದು. ಹುಟ್ಟಿದ್ದು ಬ್ಯೂನಸ್ ಐರಿಸ್‌ನಲ್ಲಿ. ಇಪ್ಪತ್ತೆರಡರ ವಿದ್ಯಾರ್ಥಿ ಓನೊ ಮೇಲಿನ ಅಂತಸ್ತಿನಲ್ಲಿ ಕೂತು ನೋಡಿದರು. ಬೆರಳ ನಡುವೆ ಕ್ಯಾಸ್ಟನೆಟ್ಟು ಟಕಟಕ ಸಿಡಿಯುತ್ತಿದೆ, ನೆರಿಗೆಯ ಲಂಗ ಸುತ್ತಿ ಸುಳಿದು ಕಾಲಿಗಿಂತ ಅರೆಗಳಿಗೆ ತಡವಾಗಿ ನಿಲ್ಲುತ್ತಿದೆ. ಇದನ್ನು ನೋಡಿದ ಹುಡುಗ ಮನೆಗೆ ಹೋಗಿ ಸ್ಪ್ಯಾನಿಷ್ ಕುಣಿತ ಕಲಿಯಲಿಲ್ಲ. ಕೆಲವು ವರ್ಷದ ಮೇಲೆ ಬಾಕು ಇಶಿಯಿ ಅವರ ಬಳಿ, ಆಮೇಲೆ ತಾಕಾಯಾ ಎಗುಚಿ ಅವರ ಬಳಿ ಆಧುನಿಕ ನೃತ್ಯ ಕಲಿತರು. ಅರ್ಜೆಂಟೀನಾ 1936ರ ಜುಲೈ 18ರಂದು, ಸ್ಪೇನಿನಲ್ಲಿ ಅಂತರ್ಯುದ್ಧ ಸಿಡಿದ ದಿನವೇ, ಫ್ರಾನ್ಸಿನಲ್ಲಿ ತೀರಿಕೊಂಡಳು.

ಸ್ವಲ್ಪ ದಿನಕ್ಕೆ ಓನೊ ಅವರ ಮೈಮೇಲೆ ಬಂದದ್ದು ಸೈನ್ಯದ ಸಮವಸ್ತ್ರ. 1938ರಲ್ಲಿ ಕರೆ ಬಂತು. ಚೀನಾ, ನ್ಯೂಗಿನಿ, ಕೊನೆಗೆ ಯುದ್ಧಕೈದಿ. ಬಿಡುಗಡೆಯಾಗಿ ಹಡಗಿನಲ್ಲಿ ಊರಿಗೆ ಮರಳುವಾಗ ದಾರಿಯಲ್ಲೇ ಹಸಿವಿನಿಂದ, ಜ್ವರದಿಂದ ಸತ್ತವರನ್ನು ಕಡಲಿಗೆ ಇಳಿಸಿದ್ದನ್ನು ಕಂಡರು. ಹಡಗಿನ ಸುತ್ತ ತೇಲುತ್ತಿದ್ದ ಅಂಬಲಿಮೀನುಗಳು ಅವರನ್ನು ಬಿಡಲಿಲ್ಲ. ಅವುಗಳ ಹೆಸರಿನಲ್ಲೇ ಒಂದು ನೃತ್ಯ ಕಟ್ಟಿದರು. ಟೋಕಿಯೊದಲ್ಲಿ ಮೊದಲ ಸ್ವಂತ ಪ್ರದರ್ಶನ ಕೊಟ್ಟಾಗ 1949, ವಯಸ್ಸು ನಲವತ್ತು ದಾಟಿತ್ತು. ಬೇರೆ ನರ್ತಕರು ಗೆಜ್ಜೆ ಬಿಚ್ಚುವ ಯೋಚನೆ ಮಾಡುವ ವಯಸ್ಸು.

ಹಿಜಿಕಾತರ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಈಶಾನ್ಯದ ಅಕಿತಾ ಪ್ರಾಂತದವರು, 1928ರಲ್ಲಿ ಹುಟ್ಟಿದವರು. ಹಿಮ, ಗಾಳಿ, ಕೆಸರುಗದ್ದೆಯ ಸೀಮೆ. ನಾಟಿಯ ಕಾಲದಲ್ಲಿ ಎಳೆಯ ಮಕ್ಕಳನ್ನು ಹುಲ್ಲಿನ ಬುಟ್ಟಿಯೊಳಗೆ ಕಾಲು ಮಡಚಿ ಕೂರಿಸಿ, ಸುತ್ತ ಬಟ್ಟೆ ತುರುಕಿ ಬದುವಿನ ಮೇಲೆ ಇಟ್ಟು ದೊಡ್ಡವರು ಗದ್ದೆಗಿಳಿಯುತ್ತಿದ್ದರಂತೆ. ಸಂಜೆ ಬುಟ್ಟಿಯಿಂದ ಎತ್ತಿದರೆ ಮಗುವಿನ ಕಾಲು ಚಾಚುತ್ತಿರಲಿಲ್ಲ, ನಿಲ್ಲಲು ಆಗುತ್ತಿರಲಿಲ್ಲ. ಸಾಯುವ ಹಿಂದಿನ ವರ್ಷ, 1985ರ ಫೆಬ್ರವರಿಯಲ್ಲಿ ಮಾಡಿದ ಭಾಷಣದಲ್ಲಿ ಹಿಜಿಕಾತ ಇದನ್ನು ನೆನೆದರು. ಅದೇ ಭಾಷಣದಲ್ಲಿ ಚಳಿಗಾಲದ ಗಾಳಿಯ ಮಾತೂ ಬರುತ್ತದೆ: ಗದ್ದೆಬಯಲಿನ ನಡುವೆ ನಡೆದು ಮನೆಯ ಬಾಗಿಲಿಗೆ ಬಂದು ನಿಂತವನನ್ನು ಗಾಳಿಯೇ ಸುತ್ತಿಕೊಂಡಿರುತ್ತದೆ, ಅವನು ಗಾಳಿಯಿಂದ ಮಾಡಿದ ದಾರುಮ ಗೊಂಬೆ ಆಗಿರುತ್ತಾನೆ. ದಾರುಮ ಎಂದರೆ ಕೈಕಾಲಿಲ್ಲದ, ಉರುಟು, ಕೆಂಪು ಗೊಂಬೆ. ನಮ್ಮ ಬೋಧಿಧರ್ಮನೇ ಅಲ್ಲಿಗೆ ಹೋಗಿ ಹಾಗಾದವನು. ಬುತೋ ನರ್ತಕರು ಯಾಕೆ ನೆಟ್ಟಗೆ ನಿಲ್ಲುವುದಿಲ್ಲ, ಯಾಕೆ ಮಂಡಿ ಹೊರಕ್ಕೆ ಬಾಗಿ ಪಾದದ ಅಂಚಿನ ಮೇಲೆ ಭಾರ ಬಿಡುತ್ತಾರೆ ಎಂದು ಕೇಳುವವರಿಗೆ ನಾನಾದರೆ ಆ ಹುಲ್ಲಿನ ಬುಟ್ಟಿ ತೋರಿಸುತ್ತೇನೆ.

1959ರ ಮೇ 24ರಂದು ಟೋಕಿಯೊದ ದಾಯಿಚಿ ಸೇಮೆಯಿ ಹಾಲ್‌ನಲ್ಲಿ ಹಿಜಿಕಾತ ಒಂದು ಪುಟ್ಟ ಪ್ರಯೋಗ ತೋರಿಸಿದರು, ಬಹುಪಾಲು ಕತ್ತಲಲ್ಲೇ. ಒಬ್ಬ ಗಂಡಸು, ಒಬ್ಬ ಹುಡುಗ, ಒಂದು ಜೀವಂತ ಕೋಳಿ. ನೃತ್ಯಸಂಘದ ಹಿರಿಯರು ಕೆರಳಿದರು. ಬುತೋ ಹುಟ್ಟಿದ ದಿನ ಎಂದು ಇತಿಹಾಸ ಬರೆಯುವವರು ಇದನ್ನೇ ಗುರುತಿಸುತ್ತಾರೆ. ಆ ಹುಡುಗ ಓನೊ ಅವರ ಮಗ ಯೋಶಿತೊ. ಮರುವರ್ಷ ಅದೇ ಸಭಾಂಗಣದಲ್ಲಿ ಹಿಜಿಕಾತ ಅಪ್ಪನನ್ನೂ ವೇದಿಕೆಗೆ ತಂದರು. ಫ್ರೆಂಚ್ ಲೇಖಕ ಜಾನ್ ಜೆನೆಯ ಕಾದಂಬರಿಯೊಂದರ ಡಿವೈನ್ ಎಂಬ ಪಾತ್ರ ಕೊಟ್ಟರು. ಹೆಣ್ಣುಡುಪು ತೊಟ್ಟು ಮೈಮಾರಿ ಬದುಕುವ, ಮುಪ್ಪಾಗುತ್ತಿರುವ ಗಂಡು ಅದು. ಬೈಬಲ್ಲು ಬದಿಯಲ್ಲಿಟ್ಟುಕೊಂಡ ವ್ಯಾಯಾಮ ಮಾಸ್ತರರಿಗೆ ಎಂಥ ಪಾತ್ರ! ಒಪ್ಪಿಕೊಂಡದ್ದು ಅವರ ದೊಡ್ಡತನ.

ಹಿಜಿಕಾತರ ಉಡುಪಿನ ಹುಚ್ಚು ಬೇರೆ ಬಗೆಯದು. 1968ರ ಅಕ್ಟೋಬರಿನಲ್ಲಿ, ದೇಹದ ದಂಗೆ ಎಂದು ಹೆಸರಾದ ಏಕವ್ಯಕ್ತಿ ಪ್ರದರ್ಶನಕ್ಕೆ ಅವರು ಪಲ್ಲಕ್ಕಿಯಲ್ಲಿ ಬಂದರು. ಮೈಮೇಲೆ ಮದುವಣಗಿತ್ತಿಯ ಕಿಮೊನೊ, ಅದೂ ಹಿಂದು ಮುಂದಾಗಿ ತೊಟ್ಟದ್ದು. ಕಲಾವಿದ ನತ್ಸುಯುಕಿ ನಾಕಾನಿಶಿ ಮಾಡಿದ ಹಿತ್ತಾಳೆಯ ತಗಡುಗಳು ವೇದಿಕೆಯಲ್ಲಿ ನೇತಾಡುತ್ತಿದ್ದವು. ದೀಪದ ಬೆಳಕು ಅವಕ್ಕೆ ತಾಗಿ ಚಿಮ್ಮುತ್ತಿತ್ತು. ಮುಂದೆ ಅದೇ ಮೈಗೆ ನೀಳ ಗೌನು ಬಂತು, ಕೈಗೆ ರಬ್ಬರು ಗ್ಲೌಸು ಬಂತು. ಆಮೇಲೆ, 1972ರ ಹೊತ್ತಿಗೆ, ಅವರ ಕಣ್ಣು ಮತ್ತೆ ಊರಿನತ್ತ ತಿರುಗಿತು. ಹತ್ತಿ ತುಂಬಿದ, ತೇಪೆ ಮೇಲೆ ತೇಪೆ ಬಿದ್ದ ರೈತರ ಬಟ್ಟೆ ರಂಗಕ್ಕೆ ಬಂತು.

ಇನ್ನು ಬಣ್ಣ. ಜಪಾನಿನ ಹಳೆಯ ರಂಗಕಲೆ ಕಬುಕಿಯ ನಟರು ಮುಖಕ್ಕೆ ಹಚ್ಚುವ ಬಿಳಿ ಬಣ್ಣವನ್ನು ಬುತೋದವರು ಇಡೀ ಮೈಗೆ ಬಳಿದುಕೊಂಡರು. ಬಟ್ಟಲಿನಲ್ಲಿ ಕಲಸಿ, ಅಗಲ ಬ್ರಷ್ಷಿನಲ್ಲೋ ಸ್ಪಂಜಿನಲ್ಲೋ ಹಚ್ಚಬೇಕು. ಬೆನ್ನಿಗೆ ಜೊತೆಗಾರರೇ ಆಗಬೇಕು. ಹಸಿ ಇರುವಾಗ ತಣ್ಣಗೆ, ಒಣಗುತ್ತ ಬಂದಂತೆ ಚರ್ಮ ಬಿಗಿಯುತ್ತದೆ. ಕುಣಿತದ ನಡುವೆ ಬೆವರು ಒಡೆದು ಗೆರೆ ಬೀಳುತ್ತವೆ, ಪುಡಿ ಉದುರುತ್ತದೆ, ಬಿಸಿ ದೀಪದ ಕೆಳಗೆ ಧೂಳಾಗಿ ತೇಲುತ್ತದೆ. ದರ್ಜಿಯ ಹಂಗಿಲ್ಲದ ಉಡುಪು ಅದು, ಆಟ ಮುಗಿಯುವುದರೊಳಗೆ ಹರಿದುಹೋಗುವ ಉಡುಪು. ಬಿಳಿಯ ಜೊತೆಗೆ ಚಿನ್ನವೂ ಇತ್ತು. ಹೊಟ್ಟೆಪಾಡಿಗಾಗಿ ಹಿಜಿಕಾತರ ಶಿಷ್ಯರು ರಾತ್ರಿ ಕ್ಯಾಬರೆಗಳಲ್ಲಿ ಎಣ್ಣೆಯಲ್ಲಿ ಕಲಸಿದ ಚಿನ್ನದ ಬಣ್ಣದ ಪುಡಿ ಮೈಗೆಲ್ಲ ಬಳಿದು ಕುಣಿದು ಬರುತ್ತಿದ್ದರು. ಆ ದುಡ್ಡಿನಲ್ಲಿ ಹಗಲಿನ ಅಭ್ಯಾಸ ನಡೆಯುತ್ತಿತ್ತು. ಅಕಾಜಿ ಮಾರೊ 1972ರಲ್ಲಿ ಕಟ್ಟಿದ ದಾಯಿರಾಕುದಾಕಾನ್ ತಂಡ ಆ ಚಿನ್ನದ ಕುಣಿತವನ್ನು ಬೀದಿಗೂ ತಂದು ಉಳಿಸಿಕೊಂಡಿದೆ. ನಗೋಯಾದ ಓಸು ಬೀದಿ ಉತ್ಸವದಲ್ಲಿ ಅದನ್ನು ನೋಡಲು ಜನ ಮುಗಿಬೀಳುತ್ತಾರೆ.

ಓನೊ ಮಾತ್ರ 1960ರ ದಶಕದ ಕೊನೆಯ ಹೊತ್ತಿಗೆ ವೇದಿಕೆಯಿಂದ ಸರಿದುಬಿಟ್ಟಿದ್ದರು. ಆ ವರ್ಷಗಳಲ್ಲಿ ಚಿಯಾಕಿ ನಾಗಾನೊ ಎಂಬ ನಿರ್ದೇಶಕರ ಕ್ಯಾಮೆರಾ ಮುಂದೆ ಹೊಲದಲ್ಲಿ, ನೀರಿನಲ್ಲಿ, ಹಂದಿದೊಡ್ಡಿಯಲ್ಲಿ ಕುಣಿದರು. 1969, 1971, 1973ರಲ್ಲಿ ಮೂರು ಸಿನಿಮಾ ಬಂದವು. ಸಾರ್ವಜನಿಕ ವೇದಿಕೆ ಮುಗಿಯಿತೆಂದೇ ಜನ ತಿಳಿದಿದ್ದರು. 1976ರಲ್ಲಿ ಒಂದು ದಿನ ಚಿತ್ರಪ್ರದರ್ಶನಕ್ಕೆ ಹೋದರು. ಗೋಡೆಯ ಮೇಲೆ ಬಾಗುಗೆರೆಗಳ ಅಮೂರ್ತ ಚಿತ್ರ. ಮಾಡಿದವರು ಅದೇ ನಾಕಾನಿಶಿ, ಹಿತ್ತಾಳೆ ತಗಡಿನವರು. ಚಿತ್ರದಲ್ಲಿ ಹೆಂಗಸಿಲ್ಲ, ಲಂಗವಿಲ್ಲ, ಕ್ಯಾಸ್ಟನೆಟ್ಟಿಲ್ಲ. ಓನೊ ಅವರಿಗೆ ಅಲ್ಲಿ ಕಂಡದ್ದು ಅರ್ಜೆಂಟೀನಾ.

1977ರ ನವೆಂಬರ್ 1. ಮತ್ತದೇ ದಾಯಿಚಿ ಸೇಮೆಯಿ ಹಾಲ್. ನಿರ್ದೇಶನ ಹಿಜಿಕಾತರದು. ದೀಪ ಆರಿದೆ, ಎಲ್ಲರ ಕಣ್ಣೂ ವೇದಿಕೆಯ ಮೇಲೆ. ಪ್ರೇಕ್ಷಕರ ನಡುವೆ ಒಂದು ಕುರ್ಚಿಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಾಳೆ. ತಲೆಗೆ ಹ್ಯಾಟು, ಮೈಗೆ ಹಳೆಯ ಸಿಂಗಾರ, ಮುಖಕ್ಕೆ ದಪ್ಪ ಬಿಳಿ, ಕಣ್ಣ ಸುತ್ತ ಕಪ್ಪು, ತುಟಿಗೆ ಕೆಂಪು. ಬೆಳಕು ಹುಡುಕಿಕೊಂಡು ಬಂದು ಅವಳ ಮೇಲೆ ನಿಲ್ಲುತ್ತದೆ. ಎಪ್ಪತ್ತೊಂದು ವಯಸ್ಸಿನ ಓನೊ, ಮತ್ತೆ ಅದೇ ಡಿವೈನ್. ಮೆಲ್ಲಗೆ ಏಳುತ್ತಾರೆ. ಒಂದು ಹೆಜ್ಜೆ, ನಿಲುಗಡೆ, ಮತ್ತೊಂದು ಹೆಜ್ಜೆ. ಪಕ್ಕದಲ್ಲಿ ಕೂತವರಿಗೆ ಬಟ್ಟೆಯ ಸರಬರ, ಪೌಡರಿನ ವಾಸನೆ ಮುಟ್ಟುವಷ್ಟು ಹತ್ತಿರ. ವೇದಿಕೆ ಮುಟ್ಟುವ ಹೊತ್ತಿಗೆ ಡಿವೈನ್ ಸಾಯಬೇಕು, ಸತ್ತು ನೆಲಕ್ಕೊರಗಬೇಕು. ಅಲ್ಲಿಂದ ಎದ್ದದ್ದು ಚಿಕ್ಕ ಹುಡುಗಿ. ಅದೇ ಎಪ್ಪತ್ತೊಂದರ ಮಂಡಿ, ಅದೇ ಉಬ್ಬಿದ ನರದ ಕೈ. ಆದರೆ ಬೆರಳು ತುಟಿಯ ಹತ್ತಿರ ಹೋಗುವ ಬಗೆ ನೋಡಿ, ಯಾವುದೋ ಬೇಲಿಯಾಚೆ ಕಂಡದ್ದಕ್ಕೆ ಕತ್ತು ಚಾಚುವ ಬಗೆ ನೋಡಿ.

ಹುಡುಗಿ ಹೋದ ಮೇಲೆ ಬರುವವರು ಬರಿ ಓನೊ. ಕರಿ ಚಡ್ಡಿಯೊಂದು ಬಿಟ್ಟರೆ ಮೈಮೇಲೆ ಏನೂ ಇಲ್ಲ. ಪಕ್ಕೆಲುಬು ಎಣಿಸಬಹುದು. ಈ ಭಾಗಕ್ಕೆ ಅವರು ಇಟ್ಟ ಹೆಸರು ದಿನದ ರೊಟ್ಟಿ ಎಂಬರ್ಥದ್ದು. ಅಷ್ಟು ಹೊತ್ತು ಲೇಸಿನಲ್ಲಿ ಮುಚ್ಚಿಹೋಗಿದ್ದ ದೇಹ ಈಗ ಕಾಣುತ್ತಿದೆ, ಆದರೂ ‘ವೇಷ ಕಳಚಿದರು’ ಅನ್ನಿಸುವುದಿಲ್ಲ. ಇದೂ ಒಂದು ತೊಟ್ಟದ್ದೇ. ಬಹಳ ದಿನ ತೊಟ್ಟು ಅಲ್ಲಲ್ಲಿ ಜೋತುಬಿದ್ದದ್ದು. ಆಮೇಲಿನ ಭಾಗದಲ್ಲಿ ಅವರು ಪಿಯಾನೊಗೆ ಒರಗಿ ಬಾಯಿ ತೆರೆದು ನಿಂತುಬಿಡುತ್ತಾರೆ. ವಾದಕ ಬಾಕ್ ನುಡಿಸುತ್ತಿದ್ದಾನೆ, ನರ್ತಕ ಕದಲುವುದಿಲ್ಲ. ಕಾಯುತ್ತ ಕೂತ ನಮಗೇ ಉಸಿರು ಎಲ್ಲಿ ಹೋಗಿಬರುತ್ತಿದೆ ಎಂಬ ಅರಿವಾಗುವ ತನಕ ಹಾಗೆಯೇ. ಎರಡನೆಯ ಅರ್ಧದಲ್ಲಿ ಟ್ಯಾಂಗೊ ಸಂಗೀತ. ಗೌನು, ಹೂ, ಅರ್ಜೆಂಟೀನಾ ಮರಳಿ ಬರುತ್ತಾಳೆ. ಅವಳ ಹೆಜ್ಜೆಯೊಂದೂ ಇಲ್ಲ, ಕ್ಯಾಸ್ಟನೆಟ್ಟಿನ ಚಮತ್ಕಾರವೂ ಇಲ್ಲ. ನಲವತ್ತೆಂಟು ವರ್ಷ ಒಬ್ಬಳನ್ನು ಒಳಗೆ ಹೊತ್ತು ತಿರುಗಿದವರ ಮೈ ಹೇಗೆ ಬಾಗಿರುತ್ತದೋ ಅದು ಮಾತ್ರ ಇದೆ. ಆ ಪ್ರದರ್ಶನಕ್ಕೆ ಜಪಾನಿನ ನೃತ್ಯವಿಮರ್ಶಕರ ಪ್ರಶಸ್ತಿ ಬಂತು. 1980ರಲ್ಲಿ ಫ್ರಾನ್ಸಿನ ನಾನ್ಸಿ ಉತ್ಸವ ಕರೆಯಿತು. ನಿವೃತ್ತ ಬಾಯ್ಲರ್ ಕೆಲಸಗಾರರು ಲೋಕ ಸುತ್ತತೊಡಗಿದರು.

ಗಂಡಸರು ಹೆಣ್ಣುವೇಷ ಹಾಕುವುದು ಜಪಾನಿಗೆ ಹೊಸದೇ? ಕಬುಕಿಯಲ್ಲಿ ಹೆಣ್ಣುಪಾತ್ರಕ್ಕೆಂದೇ ಮೀಸಲಾದ ಒನ್ನಗಾತ ನಟರ ಮನೆತನಗಳಿವೆ. ಕತ್ತಿನ ಓರೆ, ತೋಳಿನ ಮಡಿಕೆ, ಪಾದ ಒಳಮುಖವಾಗಿ ಇಡುವುದು, ಎಲ್ಲಕ್ಕೂ ಕಟ್ಟಳೆ ಇದೆ, ಗಂಡು ಕಾಣಬಾರದು. ಓನೊ ಅವರಲ್ಲಿ ಗಂಡು ಕಾಣುತ್ತದೆ, ಮುಪ್ಪು ಕಾಣುತ್ತದೆ, ಗೌನಿನ ಬೆನ್ನಿನಿಂದ ಭುಜದ ಮೂಳೆ ಕಾಣುತ್ತದೆ. ಮರೆಮಾಚುವ ಯಾವ ಪ್ರಯತ್ನವೂ ಇಲ್ಲ. ದೇಹವೇ ಆತ್ಮ ತೊಟ್ಟ ಉಡುಪು ಎಂಬುದು ಅವರ ನಂಬಿಕೆಯಾಗಿತ್ತು, ಶಿಷ್ಯರಿಗೆ ಅದನ್ನು ನಾನಾ ರೀತಿಯಲ್ಲಿ ಹೇಳುತ್ತಿದ್ದರು. ಹಾಗಾದಾಗ ಗೌನು ಎರಡನೆಯ ಪದರ ಅಷ್ಟೆ. ಒಳಗಿನ ಉಡುಪಿಗೆ ಎಪ್ಪತ್ತಾದರೆ ಹೊರಗಿನದು ಹೊಚ್ಚ ಹೊಸದಾಗಿ ಮಿಂಚಿದರೆ ಜೋಡಿ ಕೂಡುತ್ತದೆಯೇ?

ತಾಯಿಯ ನೆನಪಿನ ನೃತ್ಯದಲ್ಲಿ ಅವರು ತಂದದ್ದು ಒಂದು ಊಟದ ಪುಟ್ಟ ಮಣೆ, ಕಾಲಿರುವ ತಟ್ಟೆ. ಜಪಾನಿನ ಹಳೆ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇಡುವಂಥದ್ದು, ‘ಒಜೆನ್’. ಮಗ ಅದನ್ನು ಎದುರಿಗಿಟ್ಟುಕೊಂಡು ಕೂರುತ್ತಾನೆ, ಎತ್ತುತ್ತಾನೆ, ಹೊರುತ್ತಾನೆ. 1980ರಲ್ಲಿ ಶುರುವಾದ ಈ ಎಳೆ 1981ರಲ್ಲಿ ‘ನನ್ನ ತಾಯಿ’ ಎಂಬ ಕೃತಿಯಾಯಿತು. ಸತ್ತ ತಾಯಿ ಕನಸಿನಲ್ಲಿ ಕಂಬಳಿಹುಳುವಾಗಿ ಬಂದದ್ದನ್ನು ಅವರು ನಾಚಿಕೆಯಿಲ್ಲದೆ ಹೇಳಿಕೊಂಡಿದ್ದಾರೆ. ಅಮ್ಮ ಎಂದರೆ ಮಲ್ಲಿಗೆ ಮುಡಿದ ಫೋಟೊ ಎಂದುಕೊಂಡವರಿಗೆ ಇದು ಕಸಿವಿಸಿ ತಂದೀತು. ಓನೊ ಆ ಹುಳುವಿನ ರೋಮವನ್ನೂ ಬಿಡದೆ ಕುಣಿದರು.

1986ರ ಜನವರಿಯಲ್ಲಿ ಹಿಜಿಕಾತ ತೀರಿಕೊಂಡರು, ಇನ್ನೂ ಐವತ್ತೇಳು. ಆಮೇಲೆ ಓನೊ ಅವರ ಪ್ರದರ್ಶನಗಳನ್ನು ಕಟ್ಟಿ ನಿಲ್ಲಿಸುವ ಹೊಣೆ ಮಗ ಯೋಶಿತೊ ಪಾಲಿಗೆ ಬಂತು. 1991ರ ಸೆಪ್ಟೆಂಬರಿನಲ್ಲಿ ಹೊಕ್ಕೈದೊದ ಇಶಿಕಾರಿ ನದಿ ಕಡಲು ಸೇರುವಲ್ಲಿ, ಬಯಲಲ್ಲಿ, ನೀರಿನಲ್ಲಿ ಅಪ್ಪ ಮಗ ಕುಣಿದರು. ಅಲ್ಲಿನ ಸಾಲ್ಮನ್ ಮೀನು ಮೊಟ್ಟೆಯಿಡಲು ಹುಟ್ಟಿದ ನದಿಗೇ ಮರಳುತ್ತದೆ. ಮರಳುವ ಹೊತ್ತಿಗೆ ಮೂತಿ ಕೊಕ್ಕೆಯಾಗಿ ಬಾಗಿರುತ್ತದೆ, ಮೈಬಣ್ಣ ಬದಲಾಗಿರುತ್ತದೆ. ಆ ಮೀನಿನ ಹೆಸರಿನ ಕುಣಿತ. ಎಂಬತ್ತೈದು ತುಂಬಲು ತಿಂಗಳಿರುವ ಮುದುಕರು ಒದ್ದೆ ಬಟ್ಟೆಯಲ್ಲಿ, ತಣ್ಣನೆ ಗಾಳಿಯಲ್ಲಿ. ನೀರು ಕುಡಿದ ಬಟ್ಟೆಯ ತೂಕ ಎಷ್ಟೆಂದು ಹೊಳೆಯಲ್ಲಿ ಸೀರೆ ಒಗೆದವರನ್ನು ಕೇಳಬೇಕು. ಅದು ಕೆಳಕ್ಕೆ ಎಳೆಯುತ್ತದೆ, ಕೈ ಎತ್ತಗೊಡುವುದಿಲ್ಲ. ಆ ಎಳೆತವನ್ನೂ ಅವರು ಕುಣಿತಕ್ಕೆ ಸೇರಿಸಿಕೊಂಡರು.

ಕಣ್ಣು ಮಂಜಾಯಿತು, ಕಾಲು ಸೋತವು. 1999ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕುಣಿದದ್ದು ವಿದೇಶದ ಕಡೆಯ ಪ್ರದರ್ಶನ. ಅದಾದ ಮೇಲೆ ಗಾಲಿಕುರ್ಚಿ. ಗಾಲಿಕುರ್ಚಿಯನ್ನೂ ವೇದಿಕೆಗೆ ತಂದರು. ಕಾಲು ಬಾರದಿದ್ದರೇನು, ಕೈ ಇತ್ತು. ಮುಂಗೈ ತಿರುವಿ ಅಂಗೈಯನ್ನು ಮೇಲೆ ಮಾಡುವಷ್ಟರಲ್ಲೇ ಸಭೆ ಕಣ್ಣೊರೆಸಿಕೊಳ್ಳುತ್ತಿತ್ತು. ಕೊನೆಗೆ ಹಾಸಿಗೆ. 2010ರ ಜೂನ್ 1ರಂದು, ನೂರಮೂರು ತುಂಬಿದ್ದಾಗ, ಹೋದರು. ಅದಕ್ಕೆ ಒಂದು ವರ್ಷ ಮುಂಚೆ ಆಂಟನಿ ಆ್ಯಂಡ್ ದ ಜಾನ್ಸನ್ಸ್ ಎಂಬ ಸಂಗೀತ ತಂಡದ ಆಲ್ಬಮ್ಮಿನ ಹೊದಿಕೆಯ ಮೇಲೆ ಅವರ ಫೋಟೊ ಬಂದು, ಬುತೋ ಎಂದರೇನೆಂದು ಗೊತ್ತಿಲ್ಲದ ಹುಡುಗರ ಕೋಣೆಗಳಲ್ಲೂ ಆ ಮುಖ ತಲುಪಿತ್ತು. ನಾವೊಯಾ ಇಕೆಗಾಮಿ 1977ರಲ್ಲಿ ತೆಗೆದ ಫೋಟೊ ಅದು.

ಯೋಶಿತೊ ಅಪ್ಪನಿಗೆ ತದ್ವಿರುದ್ಧ. ಅಪ್ಪನದು ಉಕ್ಕಿ ಹರಿಯುವ ಕುಣಿತ, ಇವರದು ಬಿಗಿದು ನಿಂತದ್ದು. ಗಂಡಸಿನ ಸೂಟು ತೊಟ್ಟು, ಬೋಳು ತಲೆಗೆ ಬಿಳಿ ಮೊಲದ ಕಿವಿ ಸಿಕ್ಕಿಸಿಕೊಂಡು ವೇದಿಕೆಗೆ ಬರುತ್ತಿದ್ದರು. ನಗಬೇಕೋ ಬೇಡವೋ ತಿಳಿಯದೆ ಜನ ಸುಮ್ಮನಾಗುತ್ತಿದ್ದರು. ಇಳಿವಯಸ್ಸಿನಲ್ಲಿ ಅವರ ಕೈಗೆ ಒಂದು ಗೊಂಬೆ ಬಂತು. ಬೆರಳು ತೂರಿಸಿ ಆಡಿಸುವ, ಕೈಯಿಂದ ಮಾಡಿದ ಪುಟ್ಟ ಗೊಂಬೆ. ಅಪ್ಪನದೇ ಮುಖ, ಅಪ್ಪನದೇ ಸಿಂಗಾರ. ಪ್ರೀಸ್ಲಿಯ ಹಾಡು ಹರಿಯುತ್ತಿದ್ದಂತೆ ಮಗನ ಬೆರಳ ತುದಿಯಲ್ಲಿ ಅಪ್ಪ ಕೈ ಚಾಚಿ, ತಲೆ ಬಾಗಿಸಿ ಕುಣಿಯುತ್ತಿದ್ದರು. ಚಿಕ್ಕಂದಿನಿಂದ ಅಪ್ಪನ ನೆರಳಿನಲ್ಲಿದ್ದ ಮಗ ಈಗ ಅಪ್ಪನನ್ನು ಕೈಗೆ ತೊಟ್ಟುಕೊಂಡಿದ್ದರು. ಯೋಶಿತೊ 2020ರಲ್ಲಿ ತೀರಿಕೊಂಡರು.

ಓನೊ ಅವರನ್ನು ಹೀಗೆ ತೊಟ್ಟವರು ಇನ್ನೊಬ್ಬರಿದ್ದಾರೆ, ತಾಕಾವೊ ಕಾವಾಗುಚಿ. ಡಂಬ್ ಟೈಪ್ ಎಂಬ ಹೆಸರಾಂತ ಮಾಧ್ಯಮ-ರಂಗ ತಂಡದಲ್ಲಿ ವರ್ಷಗಟ್ಟಲೆ ಇದ್ದವರು. ಓನೊ ಕುಣಿದದ್ದನ್ನು ಕಣ್ಣಾರೆ ಕಂಡವರೇ ಅಲ್ಲ. ಹಳೆಯ ವಿಡಿಯೊಗಳನ್ನು ಇಟ್ಟುಕೊಂಡು, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಬೆರಳು ಯಾವ ಕೋನದಲ್ಲಿ ಬಾಗಿದೆ, ಎಲ್ಲಿ ಮುಗ್ಗರಿಸಿದರು, ಎಲ್ಲಿ ತುಟಿ ನಡುಗಿತು ಎಂಬುದನ್ನೆಲ್ಲ ನಕಲು ಮಾಡಿ 2013ರಲ್ಲಿ ಟೋಕಿಯೊದಲ್ಲಿ ತೋರಿಸಿದರು. ಆಶು ಕುಣಿತವನ್ನೇ ನಂಬಿದವರ ಕುಣಿತವನ್ನು ಅಕ್ಷರಕ್ಕಕ್ಷರ ನಕಲು ಮಾಡುವುದೆಂದರೆ ಅಪಚಾರ ಎಂದು ಹುಬ್ಬು ಏರಿಸಿದವರೂ ಇದ್ದಾರು. ನನಗೆ ಹಿಡಿಸಿದ್ದು ಅವರ ಹ್ಯಾಂಗರಿನ ಸಾಲು. ಉಡುಪುಗಳೆಲ್ಲ ಕಣ್ಣೆದುರೇ ತೂಗುಬಿದ್ದಿರುತ್ತವೆ. ಒಂದು ಭಾಗ ಮುಗಿಯುತ್ತಲೇ ಕಾವಾಗುಚಿ ಪರದೆಯ ಹಿಂದೆ ಓಡುವುದಿಲ್ಲ. ಎಲ್ಲರ ಮುಂದೆಯೇ ಬೆವರು ಒರೆಸಿ, ಒಂದನ್ನು ಕಳಚಿ ಇನ್ನೊಂದಕ್ಕೆ ತೋಳು ತೂರಿಸಿ, ಗುಂಡಿ ಹಾಕಿ, ಬಣ್ಣ ತಿದ್ದಿಕೊಳ್ಳುತ್ತಾರೆ. ಯಕ್ಷಗಾನದ ಚೌಕಿಯನ್ನೇ ಎತ್ತಿ ರಂಗಸ್ಥಳದ ನಡುವೆ ಇಟ್ಟ ಹಾಗೆ. ಮಧ್ಯವಯಸ್ಸಿನ ಗಟ್ಟಿಮುಟ್ಟಾದ ಆಳು ಎಪ್ಪತ್ತೊಂದರ ಮೈಯನ್ನು ಹೀಗೆ ಒಂದೊಂದೇ ಗುಂಡಿ ಹಾಕುತ್ತ ತೊಟ್ಟುಕೊಳ್ಳುವುದು ಕಾಣುತ್ತದೆ. ಸಂಗೀತವೂ ಹೊಸದಲ್ಲ, ಆ ಹಳೆಯ ಧ್ವನಿಮುದ್ರಿಕೆಯೇ. ಅದರೊಳಗೆ ಟ್ಯಾಂಗೊ ಇದೆ, ಹಲಗೆ 'ಕಿರ್' ಎಂದದ್ದಿದೆ, ಯಾರೋ ಕೆಮ್ಮಿದ್ದಿದೆ. ಭಾಗ ಮುಗಿದು ಕಾವಾಗುಚಿ ಬಾಗಿ ನಮಸ್ಕರಿಸುವ ಹೊತ್ತಿಗೆ ಸ್ಪೀಕರಿನಿಂದ 1977ರ ಪ್ರೇಕ್ಷಕರು ಚಪ್ಪಾಳೆ ಹೊಡೆಯುತ್ತಾರೆ.